ಬಾಟ್ಲಿ ಟೀಚರು

ಅವರನ್ನು ಕಂಡು ಹೊಟ್ಟೆಕಿಚ್ಚು ಪಡುವಂಥದ್ದು ಅವರ ಹತ್ತಿರ ಏನೂ ಇರಲಿಲ್ಲ. ಕೆಲಸ ಕಾಯಂ ಅಲ್ಲ, ಮನೆ ಸ್ವಂತದ್ದಲ್ಲ, ಕೊರಳಲ್ಲಿ ಕರಿಮಣಿ ಬಿಟ್ಟರೆ ಬಂಗಾರದ ಸುಳಿವಿಲ್ಲ. ನನಗೆ ಇವೆಲ್ಲವೂ ಇದ್ದವು. ಆದರೂ ಇಷ್ಟು ವರ್ಷದ ನನ್ನ ಶಿಕ್ಷಕಿ ಬದುಕಿನಲ್ಲಿ ನಾನು ಕರುಬಿದ್ದು ಅವರೊಬ್ಬರನ್ನು ಕಂಡು ಮಾತ್ರ.

ಈಚೆಗೆ ನಾನು ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಹೊಸದಾಗಿ ಬಂದ ಪಿ.ಟಿ. ಮೇಷ್ಟ್ರು ಮೈಕು ಕೈಗಿಟ್ಟು, "ನಿಮ್ ಜೊತಿ ಕೆಲಸ ಮಾಡಿದೋರೊಳಗೆ ಮರಿಯಾಕಾಗ್ದೋರು ಯಾರು, ಹೇಳ್ರಿ ಮೇಡಂ" ಅಂದರು. ನಾನು ತೀರಿಹೋದ ನಮ್ಮ ಹಳೆಯ ಹೆಡ್ಮಾಸ್ತರ ಹೆಸರು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಯಿಗೆ ಮೊದಲು ಬಂದದ್ದು ಬೇರೆಯ ಹೆಸರು. ಅದನ್ನು ಇಲ್ಲಿಯೂ ಬರೆಯುವುದಿಲ್ಲ. ಬರೆದರೆ ಓದಿ ಸಂತೋಷಪಡುತ್ತಾರೆ. ಅವರಿಗೆ ಸಂತೋಷಕ್ಕೇನು ಕೊರತೆ?

ಶಿರಾಳಕೊಪ್ಪದಿಂದ ಸ್ವಲ್ಪ ಒಳಗಿರುವ ಒಂದು ಹಳ್ಳಿಯ ಶಾಲೆ ನಮ್ಮದು. ನಾನು ಶಿಕಾರಿಪುರದಿಂದ ಹೋಗಿ ಬರುತ್ತಿದ್ದೆ. ಅವರು ಅದೇ ಬಸ್ಸನ್ನು ಶಿರಾಳಕೊಪ್ಪದಲ್ಲಿ ಹತ್ತುತ್ತಿದ್ದರು. ಅತಿಥಿ ಶಿಕ್ಷಕಿ. ಅತಿಥಿ ಎನ್ನುವುದು ಹೆಸರಿಗೆ ಮಾತ್ರ. ಸಂಬಳ ಬಂದ ತಿಂಗಳು ಬಂತು, ಇಲ್ಲದ ತಿಂಗಳು ಇಲ್ಲ. ಜೂನ್ ಬಂತೆಂದರೆ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆ ಬೇರೆ. ಗಂಡ ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಒಬ್ಬಳೇ ಮಗಳು. ನನಗಿಂತ ಅವರು ಚಿಕ್ಕವರು. ನನ್ನನ್ನು ಅಕ್ಕಾ ಎನ್ನುತ್ತಿದ್ದರು.

ಅವರು ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರ ಮಡಿಲಲ್ಲಿ ಕರ್ಚೀಫು ಸುತ್ತಿದ ಬಾಟಲಿಯೊಂದಿತ್ತು. ಔಷಧಿ ಇರಬೇಕೆಂದುಕೊಂಡು, "ಮಗಳಿಗೆ ಹುಷಾರಿಲ್ವಾ?" ಎಂದು ಕೇಳಿದೆ.

"ಅಯ್ಯೋ, ಅದೆಂತ ಅಲ್ಲ ಅಕ್ಕಾ. ಹಳೇ ಶಾಯಿ ಬಾಟ್ಲಿ. ತಳದಲ್ಲಿ ನೋಡಿ, ಒಂದು ಗುಳ್ಳೆ ಸಿಕ್ಕಾಕ್ಕಂಡಿದೆ." ಕರ್ಚೀಫು ಬಿಚ್ಚಿ ಬಾಟಲಿಯನ್ನು ಬಸ್ಸಿನ ಕಿಟಕಿಗೆ ಹಿಡಿದರು. "ಯಾವ ಕಾಲದ ಗಾಳಿಯೋ ಏನೋ. ಇನ್ನೂ ಒಳಗೇ ಕೂತಿದೆ ಪಾಪ."

ನಾನು ನೋಡಿದೆ. ಗಾಜಿನೊಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ. ಅದಕ್ಕೆ ಇಷ್ಟೊಂದು ಖುಷಿಯಾಗುವುದು ಏನಿದೆ ಎಂದು ನನಗೆ ತಿಳಿಯಲಿಲ್ಲ. ನಮ್ಮ ಸ್ಟಾಪು ಬರುವವರೆಗೂ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದರು. ನನ್ನ ಬ್ಯಾಗಿನಲ್ಲಿ ಆವತ್ತು ಹೊಸ ಮೊಬೈಲು ಇತ್ತು. ಅದನ್ನು ಅವರಿಗೆ ತೋರಿಸಬೇಕೆಂದುಕೊಂಡಿದ್ದೆ. ತೋರಿಸಲಿಲ್ಲ.

ಹೀಗೆ ಶುರುವಾಯಿತು. ಅವರು ಹಳೆಯ ಬಾಟಲಿ ಕೂಡಿಸುತ್ತಿದ್ದರು. ಶಾಯಿಯದು, ಅತ್ತರಿನದು, ಹರಳೆಣ್ಣೆಯದು, ಗೋಲಿ ಸೋಡಾದ್ದು, ಕೆಮ್ಮಿನ ಔಷಧಿಯದು. ದುಡ್ಡು ಕೊಟ್ಟು ಕೊಳ್ಳುವ ಹಾಗಿರಲಿಲ್ಲ. ಶಿರಾಳಕೊಪ್ಪದ ಗುಜರಿ ಅಂಗಡಿಯ ಸಾಹೇಬ್ರಿಗೆ ಮಗಳ ಹಳೆಯ ನೋಟ್‌ಬುಕ್ಕು, ಗಂಡನ ಅಂಗಡಿಯ ತುಕ್ಕು ಹಿಡಿದ ಚೂರುಪಾರು ಕೊಟ್ಟು, ಬದಲಿಗೆ ಬಾಟಲಿ ತರುತ್ತಿದ್ದರು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲಂತೂ ಭಾನುವಾರ ಸೊರಬದ ಕಡೆಗೊಮ್ಮೆ, ಆನವಟ್ಟಿಯ ಕಡೆಗೊಮ್ಮೆ ಹೊರಟುಬಿಡುತ್ತಿದ್ದರು. "ಸರ್ಕಾರದೋರು ನಂಗೋಸ್ಕರಾನೇ ಮಾಡಿದ್ದು ಅಕ್ಕಾ ಇದು" ಎಂದು ನಗುತ್ತಿದ್ದರು. ಮಕ್ಕಳು ಎಲ್ಲಿಂದಲೋ ವಿಷಯ ತಿಳಿದು ಬಾಟ್ಲಿ ಟೀಚರ್ ಎಂದು ಹೆಸರಿಟ್ಟರು. ಬೇರೆಯವರಾದರೆ ಅವಮಾನ ಮಾಡಿಕೊಳ್ಳುತ್ತಿದ್ದರು. ಇವರು ಹಾಜರಿ ಕರೆಯುವಾಗ, "ಬಾಟ್ಲಿ ಟೀಚರ್ ಬಂದಿದಾರೆ, ನೀವು ಬಂದೀರೋ ಇಲ್ಲೋ ಹೇಳಿ" ಎನ್ನುತ್ತಿದ್ದರು.

ಈ ಹೆಸರಿನಿಂದ ಕಷ್ಟಕ್ಕೆ ಸಿಕ್ಕಿದ್ದು ಅವರ ಗಂಡ. ಮನೆಯ ಓನರಿನ ತಾಯಿ ಮೇಲಿನ ಮಹಡಿಯಿಂದ ದಿನಾ ನೋಡುತ್ತಿದ್ದರಂತೆ, ಕೆಳಗಿನ ಕಟ್ಟೆಯ ಮೇಲೆ ಸಾಲು ಸಾಲು ಬಾಟಲಿ ತೊಳೆದು ಬೋರಲು ಹಾಕಿದ್ದು. ಬೀಡಿಯನ್ನೂ ಮುಟ್ಟದ ಆ ಮನುಷ್ಯನಿಗೆ ಕುಡುಕನೆಂಬ ಪಟ್ಟ ಕಟ್ಟಿಯೇಬಿಟ್ಟರು. ಆ ಅಜ್ಜಿ ಒಂದು ದಿನ ಮೆಟ್ಟಿಲಿಳಿದು ಬಂದು ಅವರ ಕೈ ಹಿಡಿದು, "ಹೆಂಡ್ತಿ ಮಕ್ಳನ್ನ ನೋಡ್ಕೊಂಡು ಬಿಟ್ಬಿಡಪ್ಪಾ, ಯಲ್ಲಮ್ಮನ ಮೇಲೆ ಆಣೆ ಮಾಡು" ಎಂದು ಅತ್ತುಬಿಟ್ಟರಂತೆ. ಮರುದಿನ ನಾನು ಶಿರಾಳಕೊಪ್ಪದಲ್ಲಿಳಿದು ಅಂಗಡಿಯ ಮುಂದೆ ಹಾದುಹೋಗುವಾಗ ಆ ಗಂಡ ನನ್ನನ್ನು ನಿಲ್ಲಿಸಿ ಹೇಳಿದರು: "ನೋಡ್ರಿ ಮೇಡಂ ನನ್ ಹಣೇಬರ. ಬಾಟ್ಲಿ ಅಕಿವು, ಹೆಸ್ರು ನಂದು. ಕುಡುದಾದ್ರೂ ಕುಡುದಿದ್ರೆ ಚೊಲೋ ಇತ್ತು." ಹೇಳುತ್ತಾ ಜೇಬಿನಿಂದ ಸಣ್ಣದೊಂದು ಅತ್ತರಿನ ಶೀಸೆ ತೆಗೆದು, "ಇದನ್ನ ಅಕಿಗೆ ಕೊಟ್ಬಿಡ್ರಿ, ನಿನ್ನೆ ಬೈದು ಇವತ್ತು ನಾನೇ ಕೊಟ್ರೆ ನಗ್ತಾಳ. ಒಂದು ಮೋಟಾರ್ ಪೆಟ್ಟಿಗಿಯೊಳಗೆ ಸಿಕ್ತು" ಎಂದರು.

ನಾನು ಆ ಶೀಸೆಯನ್ನು ಹಿಡಿದುಕೊಂಡು ಬಸ್ಸಿನಲ್ಲಿ ಕೂತೆ. ನನ್ನ ಗಂಡ ಬ್ಯಾಂಕಿನಲ್ಲಿದ್ದರು. ಒಳ್ಳೆಯವರು. ಕೇಳಿದ್ದಕ್ಕೆ ಇಲ್ಲ ಎಂದವರಲ್ಲ. ಆದರೆ ಕೇಳದೇ ಇದ್ದದ್ದನ್ನು ಜೇಬಿನಲ್ಲಿಟ್ಟುಕೊಂಡು ಬಂದದ್ದು ನನಗೆ ನೆನಪಿಲ್ಲ.

ನಾನೂ ಸಂಗ್ರಹ ಮಾಡುತ್ತಿದ್ದೆ ಎಂಬುದನ್ನು ಹೇಳಬೇಕು. ಹಿತ್ತಾಳೆಯ ದೀಪಗಳು. ಶಿವಮೊಗ್ಗದ ಕರಕುಶಲ ಮೇಳದಲ್ಲಿ ಕೊಂಡದ್ದು, ಕೇರಳಕ್ಕೆ ಹೋದಾಗ ತಂದದ್ದು, ಈಚೀಚೆಗೆ ಫೋನಿನಲ್ಲಿ ಆರ್ಡರು ಮಾಡಿದ್ದು. ಹಾಲ್‌ನಲ್ಲಿ ಗಾಜಿನ ಬಾಗಿಲಿನ ಶೋಕೇಸು ಮಾಡಿಸಿ ಬೀಗ ಹಾಕಿಟ್ಟಿದ್ದೆ. ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಿದ್ದರು, ಕಾಫಿ ಕುಡಿಯುತ್ತಿದ್ದರು. ನನಗೂ ಪಾರ್ಸೆಲ್ಲಿನ ಡಬ್ಬಿ ಕತ್ತರಿಸುವವರೆಗೆ ಎದೆ ಹೊಡೆದುಕೊಳ್ಳುತ್ತಿತ್ತು. ದೀಪ ಹೊರಗೆ ಬಂದ ಮೇಲೆ ಅದನ್ನು ಎಲ್ಲಿಡುವುದು ಎಂಬುದೊಂದೇ ಯೋಚನೆ.

ಗೌರಿ ಹಬ್ಬದ ಬಾಗಿನ ಕೊಡಲು ಅವರನ್ನು ಒಮ್ಮೆ ಮನೆಗೆ ಕರೆದಿದ್ದೆ. ಬಾಗಿನ ನೆಪ. ಶೋಕೇಸು ನೋಡಲಿ ಎಂಬುದೇ ಮನಸ್ಸಿನಲ್ಲಿದ್ದದ್ದು. ಅವರು ಬಂದು ಸೋಫಾದ ಮೇಲೆ ಕೂರದೆ ನೆಟ್ಟಗೆ ಹೋಗಿ ಶೋಕೇಸಿನ ಮುಂದೆ ನೆಲದ ಮೇಲೆಯೇ ಕೂತರು. "ಒಂಚೂರು ಬಾಗಿಲು ತೆಗೀತೀರಾ ಅಕ್ಕಾ? ಮುಟ್ಟಿ ನೋಡ್ಬೇಕು." ಕೀಲಿ ಹುಡುಕುವುದಕ್ಕೇ ಸುಮಾರು ಹೊತ್ತು ಹಿಡಿಯಿತು. ತೂಗುದೀಪವೊಂದನ್ನು ಎತ್ತಿ, ತಿರುವಿ, ತಳಕ್ಕೆ ಕಣ್ಣು ಹಚ್ಚಿ, "ಹೋ, ಇಲ್ಲಿ ಹೆಸರು ಕೊರೆಸಿದಾರೆ! ಪಾರ್ವತಮ್ಮ ಅಂತ. ಯಾರಕ್ಕಾ ಇವ್ರು?" ಎಂದರು.

ಯಾರೆಂದು ನನಗೆ ಹೇಗೆ ಗೊತ್ತು? ಅಲ್ಲಿ ಹೆಸರಿದೆ ಎಂಬುದೇ ಗೊತ್ತಿರಲಿಲ್ಲ. ಆ ದೀಪ ನನ್ನ ಶೋಕೇಸಿನಲ್ಲಿ ಎಷ್ಟೋ ಕಾಲದಿಂದ ಇತ್ತು. ಅವರು ಸಂಜೆಯವರೆಗೂ ಪಾರ್ವತಮ್ಮನ ಬಗ್ಗೆಯೇ ಮಾತಾಡಿದರು. ಮದುವೆಗೆ ತವರಿನವರು ಕೊಟ್ಟದ್ದಿರಬಹುದು, ಪಾಲು ಹಂಚುವಾಗ ಸೊಸೆಯಂದಿರು ಜಗಳ ಮಾಡಿ ಮಾರಿರಬಹುದು, ಹೀಗೆ. ಅವರು ಹೋದ ಮೇಲೆ ನಾನು ಬಾಗಿಲಿಗೆ ಬೀಗ ಹಾಕಿದೆ. ನನ್ನ ದುಡ್ಡಿನ ದೀಪ, ನನಗೆ ಸಿಗದ ಸುಖವನ್ನು ಒಂದೇ ಮಧ್ಯಾಹ್ನದಲ್ಲಿ ಅವರಿಗೆ ಕೊಟ್ಟುಬಿಟ್ಟಿತ್ತು. ಆ ದೀಪದ ಮೇಲೂ ನನಗೆ ಸಿಟ್ಟು ಬಂತು.

ಅವರ ಮನೆಗೆ ನಾನು ಹೋದದ್ದು ಅದಾದ ಮೇಲೆ. ಎರಡು ಕೋಣೆಯ ಮನೆ. ಮುಂದಿನ ಕೋಣೆಗೆ ಪೂರ್ವಕ್ಕೆ ಒಂದು ಕಿಟಕಿ. ಅದಕ್ಕೆ ಅಡ್ಡಡ್ಡ ಹಲಗೆ ಬಡಿದು ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಬೆಳಗಿನ ಬಿಸಿಲಿಗೆ ನೆಲದ ಮೇಲೆಲ್ಲ ಹಸಿರು, ನೀಲಿ, ಜೇನಿನ ಬಣ್ಣ. ಮಗಳು ಆ ಬಣ್ಣದ ನಡುವೆ ಚಾಪೆ ಹಾಸಿಕೊಂಡು ಓದುತ್ತಿದ್ದಳು. ಅವಳ ಪುಸ್ತಕದ ಒಂದು ಪುಟ ನೀಲಿ, ಒಂದು ಪುಟ ಹಳದಿ. ಅಲ್ಲಿ ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ, ಕುಡಿಯಲು ಸ್ಟೀಲಿನ ಲೋಟದಲ್ಲಿ ಚಹಾ. ನಾನು ಚಹಾ ಕುಡಿಯುತ್ತಾ, "ಇಷ್ಟೆಲ್ಲಾ ಧೂಳು ಒರೆಸೋದು ಕಷ್ಟ ಅಲ್ವಾ?" ಎಂದೆ. ಅದಕ್ಕಿಂತ ಒಳ್ಳೆಯ ಮಾತು ಬಾಯಿಗೆ ಬರಲಿಲ್ಲ.

"ಒರೆಸೋದೇ ಮಜಾ ಅಕ್ಕಾ" ಎಂದರು ಅವರು. ಹಿಡಿ ನುಚ್ಚಕ್ಕಿ, ಸೀಗೆಪುಡಿಯ ನೀರು ಹಾಕಿ ಕುಲುಕಿದರೆ ಎಂಥ ಕೊಳೆಯೂ ಬಿಡುತ್ತದೆಂದು ಒಂದು ಬಾಟಲಿ ಕುಲುಕಿಯೇ ತೋರಿಸಿದರು. ಮೈಯೆಲ್ಲ ಗೆರೆಯಿರುವ ಕಡುನೀಲಿಯದೊಂದು ಮಾತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ ಎಂದರು.

ಮಕ್ಕಳನ್ನು ಬಳ್ಳಿಗಾವಿಗೆ ಪ್ರವಾಸ ಕರೆದುಕೊಂಡು ಹೋದ ದಿನವನ್ನೂ ಬರೆಯಲೇಬೇಕು. ದೇವಸ್ಥಾನ ತೋರಿಸಿ, ಕೆತ್ತನೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ನಾವೆಲ್ಲ ಫೋಟೋ ತೆಗೆಯುತ್ತಿದ್ದೆವು. ಇವರು ಕುಡಿಯುವ ನೀರು ಕೇಳುತ್ತೇನೆಂದು ಪಕ್ಕದ ಕೇರಿಗೆ ಹೋದವರು ಬರಲೇ ಇಲ್ಲ. ಹುಡುಕಿಕೊಂಡು ಹೋದರೆ ಒಂದು ಮನೆಯ ಜಗಲಿಯಲ್ಲಿ ವಯಸ್ಸಾದ ಹೆಂಗಸಿನ ಜೊತೆ ಕೂತು ನಗುತ್ತಿದ್ದಾರೆ. ತಲೆಯ ತುಂಬಾ ಜೇಡರ ಬಲೆ. ಅಟ್ಟ ಹತ್ತಿದ್ದರಂತೆ! ಕೈಯಲ್ಲಿ ಆಕಾಶದ ಬಣ್ಣದ, ಉದ್ದ ಕತ್ತಿನ, ಸ್ವಲ್ಪ ಸೊಟ್ಟಗಿದ್ದ ಹರಳೆಣ್ಣೆ ಬಾಟಲಿ.

"ಏನ್ ಟೀಚರಮ್ಮನೋ ಏನೋ ತಾಯಿ" ಎಂದು ಆ ಮುದುಕಿ ನನ್ನ ಕಡೆ ತಿರುಗಿದಳು. "ನೀರು ಕೇಳಾಕ್ ಬಂದ್ಲು. ನಿಮ್ಮನ್ಯಾಗ ಹಳೇ ಬಾಟ್ಲಿ ಐತೇನಜ್ಜಿ ಅಂದ್ಲು. ನಮ್ಮತ್ತಿ ಕಾಲದ್ದು ಅದು, ಎಸೀಬೇಕಂತ ಮಾಡಿದ್ದೆ. ತನ್ನ ಬುತ್ತಿಯೊಳಗಿನ ಮಾವಿನಮಿಡಿ ಉಪ್ಪಿನಕಾಯಿ ಪೂರಾ ನಂಗೆ ಸುರುವಿ ಕೊಟ್ಲು ನೋಡು."

ಮಧ್ಯಾಹ್ನ ಅವರು ಬರೀ ಮೊಸರನ್ನ ಉಂಡರು. ನನ್ನ ಡಬ್ಬಿಯಲ್ಲಿ ಚಪಾತಿ, ಬದನೆಕಾಯಿ ಎಣ್ಣೆಗಾಯಿ ಇತ್ತು. ಒಂದು ತುತ್ತೂ ರುಚಿಸಲಿಲ್ಲ. ಎದುರಿಗೆ ಕೂತ ಒಬ್ಬರು ಉಪ್ಪಿನಕಾಯಿಯೂ ಇಲ್ಲದೆ ಅಷ್ಟು ತೃಪ್ತಿಯಿಂದ ಉಣ್ಣುತ್ತಿದ್ದರೆ ಯಾರಿಗೆ ತಾನೇ ರುಚಿಸೀತು?

ಆಮೇಲಿನ ದಿನಗಳು ಅವರಿಗೆ ಕಷ್ಟದವಾದವು. ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೇನೆಂದಳು. ಸೀಟು ಸಿಕ್ಕಿತು, ಕಟ್ಟಲು ದುಡ್ಡಿರಲಿಲ್ಲ. ಆ ವರ್ಷ ಮಳೆ ಸಮನಾಗಿ ಬಂದು ಯಾರೂ ಪಂಪ್‌ಸೆಟ್ಟು ಹೆಚ್ಚು ಓಡಿಸಲಿಲ್ಲ. ಮೋಟಾರು ಸುಡದಿದ್ದರೆ ಅವರ ಅಂಗಡಿ ನಡೆಯುವುದು ಹೇಗೆ? ಎಲ್ಲರೂ ಮಳೆಗೆ ಕೈಮುಗಿಯುತ್ತಿದ್ದಾಗ ಆ ಮನೆಯವರು ಮಾತ್ರ ಸುಮ್ಮನಿದ್ದರು. ಅದೇ ಹೊತ್ತಿಗೆ ಸೊರಬದ ರಸ್ತೆಯಲ್ಲಿ ಹೊಸದಾಗಿ ಹೋಂಸ್ಟೇ ಮಾಡುತ್ತಿದ್ದವರೊಬ್ಬರು ಗುಜರಿ ಸಾಹೇಬ್ರಿಂದ ಇವರ ವಿಷಯ ಕೇಳಿ, ಬಾಟಲಿಗಳನ್ನೆಲ್ಲ ಒಟ್ಟಿಗೆ ಕೊಟ್ಟರೆ ಒಳ್ಳೆಯ ಬೆಲೆ ಕೊಡುತ್ತೇನೆಂದು ಹೇಳಿ ಕಳಿಸಿದರು.

"ನಂಗೆ ವ್ಯಾಪಾರ ಮಾಡಿ ಗೊತ್ತಿಲ್ಲ. ಭಾನುವಾರ ನೀವೊಂಚೂರು ಬಂದು ಕೂರ್ತೀರಾ ಅಕ್ಕಾ?" ಎಂದು ಬಸ್ಸಿನಲ್ಲಿ ಕೇಳಿದರು.

ಹೋದೆ. ಒಳ್ಳೆಯ ಸೀರೆ ಉಟ್ಟುಕೊಂಡೇ ಹೋದೆ. ಇವತ್ತು ಅವರು ಅಳುತ್ತಾರೆ, ನಾನು ಹೆಗಲ ಮೇಲೆ ಕೈಯಿಡುತ್ತೇನೆ, ಇನ್ನು ಮೇಲೆ ಅವರೂ ನಮ್ಮ ಹಾಗೆಯೇ ಒಬ್ಬರಾಗುತ್ತಾರೆ ಎಂದೆಲ್ಲ ದಾರಿಯುದ್ದಕ್ಕೂ ಎಣಿಸಿಕೊಂಡಿದ್ದೆ.

ವ್ಯಾಪಾರದಲ್ಲಿ ಮಾತ್ರ ನಾನು ಅವರ ಪರವಾಗಿ ಜೋರಾಗಿಯೇ ನಿಂತೆ. ಹೋಂಸ್ಟೇಯವರು ಮೊದಲು ಹೇಳಿದ್ದಕ್ಕಿಂತ ಮೇಲೇರಿಸಿದ ಮೇಲೆಯೇ ಒಪ್ಪಿಗೆ ಕೊಡಿಸಿದೆ. ಆಮೇಲೆ ಎಲ್ಲರೂ ಸೇರಿ ಬಾಟಲಿಗಳಿಗೆ ಪೇಪರು ಸುತ್ತಿ, ಭತ್ತದ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಇಳಿಸಿದೆವು. ಅವರು ಒಂದೊಂದನ್ನೂ ಎತ್ತಿ ಕೊಡುವಾಗ ಬಂದವರಿಗೆ ಹೇಳುತ್ತಿದ್ದರು: "ಇದನ್ನ ಬೆಳಗಿನ ಬಿಸಿಲಿಗೇ ಇಡ್ಬೇಕು ಸಾರ್, ಸಂಜೆ ಬೆಳಕಲ್ಲಿ ಕಪ್ಪಾಗಿ ಕಾಣ್ತದೆ. ಇದು ಸೊಟ್ಟ ಇದೆ, ಹಿಂದೊಂದು ಕಲ್ಲು ಆಸರೆ ಕೊಡಿ." ಬಳ್ಳಿಗಾವಿಯ ಬಾಟಲಿ ಬಂದಾಗ, ಇದೊಂದನ್ನಾದರೂ ಒಳಗಿಡುತ್ತಾರೆ ಎಂದುಕೊಂಡೆ. ಗಂಡನೂ ಹಾಗೆಯೇ ಅಂದುಕೊಂಡಿರಬೇಕು. "ಅದು ಇರ್ಲಿ ಬಿಡು" ಎಂದು ಕೈ ಚಾಚಿದರು.

"ಎಲ್ಲಾ ಅಂತ ಮಾತಾಡಿಯಾಗಿದೆ" ಎಂದು ಅವರು ಅದಕ್ಕೂ ಪೇಪರು ಸುತ್ತಿದರು.

ಗಾಡಿ ಹೋಯಿತು. ಕಿಟಕಿಯಲ್ಲಿ ಬರಿಯ ಹಲಗೆಗಳು ಉಳಿದವು. ನೆಲದ ಮೇಲೆ ಬಿಳಿಯ ಬಿಸಿಲು. ಅವರು ಮೂಗು ಒರೆಸಿಕೊಂಡು, "ಚಾ ಇಡ್ತೀನಿ" ಎಂದು ಒಳಗೆ ಹೋದರು. ನನ್ನ ಕೈ ನನ್ನ ಮಡಿಲಲ್ಲೇ ಉಳಿಯಿತು. ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದರು.

ಆ ವಾರವೆಲ್ಲ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ನನಗೆ ಅಯ್ಯೋ ಅನ್ನಿಸಿತು, ಸುಳ್ಳಲ್ಲ. ಅದರ ಜೊತೆಗೇ ಹೊಟ್ಟೆ ತಣ್ಣಗೂ ಆಗಿತ್ತು. ಅದೂ ಸುಳ್ಳಲ್ಲ.

ಮುಂದಿನ ವಾರ ಶಿರಾಳಕೊಪ್ಪದ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವುದೇ ತಡ, ಓಡಿಬಂದು ಹತ್ತಿದರು. ಏದುಸಿರು. "ಅಕ್ಕಾ, ಅಕ್ಕಾ, ಜರುಗಿ." ಸೆರಗಿನ ಗಂಟು ಬಿಚ್ಚಿದರು. ಒಳಗೆ ಹೆಬ್ಬೆರಳಿನಷ್ಟು ಪುಟ್ಟ ಔಷಧಿಯ ಬಾಟಲಿ. ಅದೂ ಬಾಯಿ ಒಡೆದದ್ದು. "ಸಂತೇಲಿ ಬೆಲ್ಲದವನು ತಕ್ಕಡಿ ಸಮ ಮಾಡಕ್ಕೆ ಇಟ್ಕಂಡಿದ್ದ. ಒಂದು ಕಲ್ಲು ಹುಡುಕಿ ಕೊಟ್ಟು ಇದನ್ನ ತಗಂಬಂದೆ. ಈಗ ಕಿಟಕಿ ಖಾಲಿ ಇದೆ ನೋಡಿ ಅಕ್ಕಾ, ಎಲ್ಲಿ ಬೇಕಾದ್ರೂ ಇಡಬೌದು!"

ಇದ್ದದ್ದೆಲ್ಲ ಹೋದ ಮೇಲೂ ಅವರ ಹತ್ತಿರ ಏನೋ ಉಳಿದಿತ್ತು. ಅದು ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಆವತ್ತು ನಾನು ತಲೆನೋವೆಂದು ಹೇಳಿ ಕಣ್ಣು ಮುಚ್ಚಿ ಕೂತೆ.

ಮುಂದಿನ ಜೂನ್‌ನಲ್ಲಿ ನಮ್ಮ ಶಾಲೆಗೆ ಕಾಯಂ ಶಿಕ್ಷಕರು ಬಂದರು. ಅತಿಥಿಯ ಅಗತ್ಯ ಬೀಳಲಿಲ್ಲ. ಅವರ ತವರು ಸೊರಬ ತಾಲ್ಲೂಕಿನ ಉಳವಿಯ ಕಡೆ. ಅಲ್ಲಿ ಗದ್ದೆಯವರಿಗೆ ಮೋಟಾರು ರಿಪೇರಿಯವರು ಹತ್ತಿರದಲ್ಲಿ ಯಾರೂ ಇಲ್ಲವೆಂದು ಗಂಡ ಹೆಂಡತಿ ಅಲ್ಲಿಗೇ ಹೋದರು. ಮಗಳ ಓದು ನಿಲ್ಲಲಿಲ್ಲ. ಈಗ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ತರಬೇತಿಯಲ್ಲಿದ್ದಾಳೆ.

ಅವರು ಹೋದ ಮೇಲೆ, ಬಸ್ಸಿನಲ್ಲಿ ಅವರಿಗೆ ಬಿಟ್ಟುಕೊಡುತ್ತಿದ್ದ ಕಿಟಕಿಯ ಸೀಟು ನನಗೇ ಉಳಿಯಿತು. ಒಂದು ಸಂಜೆ ಶಿರಾಳಕೊಪ್ಪದಲ್ಲಿಳಿದು ಗುಜರಿ ಅಂಗಡಿಗೆ ಹೋದೆ. "ಆ ಟೀಚರಮ್ಮ ಈಗ ಬರಲ್ವಾ ಮೇಡಂ?" ಎಂದು ಸಾಹೇಬ್ರು ಕೇಳಿದರು. ಅವರಿಗೆಂದು ಎತ್ತಿಟ್ಟಿದ್ದ ಬಾಟಲಿಗಳನ್ನು ನಾನು ಕೊಂಡೆ. ಮತ್ತೆ ಹೋದೆ. ಹೀಗೆ ನನ್ನ ಅಡುಗೆಮನೆಯ ಕಿಟಕಿ ತುಂಬಿತು. ಅವರಿಗೆ ಎಷ್ಟು ಹುಡುಕಿದರೂ ಸಿಗದಿದ್ದ ಕಡುನೀಲಿ ಬಾಟಲಿ, ಮೈಯೆಲ್ಲ ಗೆರೆಗೆರೆಯಿದ್ದದ್ದು, ನನಗೆ ಸಿಕ್ಕಿತು. ಬೆಲೆ ಕೇಳದೆ ಕೊಂಡೆ. ಆವತ್ತಿನಿಂದ ಅವರು ಇದನ್ನು ನೋಡುವ ದಿನಕ್ಕಾಗಿ ಕಾದೆ.

ನಿವೃತ್ತಿಯ ಊಟಕ್ಕೆ ಕರೆದಾಗ ಬಂದರು. ಉಳವಿಯಿಂದ ಸೊರಬ, ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ, ಮೂರು ಬಸ್ಸು ಬದಲಿಸಿ ಬೆಳಿಗ್ಗೆಯೇ ಬಂದುಬಿಟ್ಟರು. ಕೂದಲು ನರೆತಿತ್ತು. ನಾನು ಕುಶಲ ಕೇಳಿದವಳೇ ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಕಿಟಕಿಯ ಪಕ್ಕ ನಿಂತು, ಬಾಟಲಿಗಳನ್ನು ನೋಡದೆ, ಅವರ ಮುಖವನ್ನು ನೋಡಿದೆ.

ಆ ಮುಖದಲ್ಲಿ ನಾನು ಹುಡುಕಿದ್ದು ಒಂದೇ ಒಂದು ಗೆರೆ. ಕಣ್ಣು ಒಂದು ಕ್ಷಣ ಕಿರಿದಾಗುವುದು, ತುಟಿ ಒಂದಿಷ್ಟು ಬಿಗಿಯಾಗುವುದು. ಹಾಗಾದಾಗ ಮುಖ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

"ಅಕ್ಕಾ!" ಎಂದರು. ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಕಡುನೀಲಿಯನ್ನು ಎತ್ತಿ ಬಿಸಿಲಿಗೆ ಹಿಡಿದು, ಹಾಲ್‌ನಲ್ಲಿ ಪೇಪರು ಓದುತ್ತಿದ್ದ ನನ್ನ ಗಂಡನನ್ನು, "ಭಾವಾ, ಬೇಗ ಬನ್ನಿ, ಬಿಸಿಲು ಹೋಗದ್ರೊಳಗೆ ಬನ್ನಿ" ಎಂದು ಕೂಗಿದರು. ಇವರು ಕನ್ನಡಕ ಸರಿಮಾಡಿಕೊಳ್ಳುತ್ತಾ ಬಂದರು. ಅವರಿಬ್ಬರೂ ಮಕ್ಕಳ ಹಾಗೆ ಒಂದೊಂದೇ ಬಾಟಲಿಯನ್ನು ಕಣ್ಣಿಗೆ ಹಚ್ಚಿಕೊಂಡು ಹಿತ್ತಲಿನ ತೆಂಗಿನ ಮರ ನೋಡಿದರು, ನೀರಿನ ಟ್ಯಾಂಕು ನೋಡಿದರು, ನನ್ನನ್ನು ನೋಡಿದರು. "ಅಕ್ಕ ನೀಲಿಯಾಗಿದಾರೆ!" ಎಂದು ಅವರು ನಕ್ಕರು, ಇವರೂ ನಕ್ಕರು. ನನ್ನ ಗಂಡ ಹಾಗೆ ನಕ್ಕದ್ದನ್ನು ನಾನು ಕಂಡು ಬಹಳ ಕಾಲವಾಗಿತ್ತು. ನಾನು ಒಲೆಯ ಮೇಲಿನ ಪಾಯಸ ತಿರುವುತ್ತಿದ್ದೆ.

ಸಂಜೆ ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದೆ. ಹೊರಡುವ ಮುಂಚೆ ಆ ಕಡುನೀಲಿ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಕೊಟ್ಟೆ. ಕೊಡುವಾಗ ನನ್ನ ಧ್ವನಿ ಸ್ವಲ್ಪ ದೊಡ್ಡದಾಗಿಯೇ ಇತ್ತೇನೋ.

"ತಗೊಳ್ರಿ. ನಿಮಗೆ ಅಂತಾನೇ."

ಅವರು ಟವೆಲು ಬಿಚ್ಚಿ ಮತ್ತೊಮ್ಮೆ ನೋಡಿದರು. ಸಂಜೆಯ ಬೆಳಕಿಗೆ ಅದು ಕಪ್ಪಾಗಿ ಕಾಣುತ್ತಿತ್ತು. ಮತ್ತೆ ಸುತ್ತಿ ನನ್ನ ಕೈಗೇ ಇಟ್ಟರು.

"ಬ್ಯಾಡ ಅಕ್ಕಾ. ಬಸ್ಸಲ್ಲಿ ಒಡೆದು ಹೋದ್ರೆ ಕಷ್ಟ. ಇಲ್ಲೇ ಇರ್ಲಿ. ನೋಡಾಯ್ತಲ್ಲ."

ನೋಡಾಯ್ತಲ್ಲ ಎಂದ ಆ ಮಾತಿನಲ್ಲಿ ಬೇಸರವಿರಲಿಲ್ಲ, ಬಿಗುಮಾನವೂ ಇರಲಿಲ್ಲ. ಹೊಟ್ಟೆ ತುಂಬಾ ಉಂಡವರು ಇನ್ನೊಂದು ಸೌಟು ಬೇಡವೆನ್ನುವ ಹಾಗಿತ್ತು.

ಬಸ್ಸು ಬಂತು. ಅವರು ಹತ್ತಿ, ನೂಕಾಟದಲ್ಲಿ ಹೇಗೋ ಜಾಗ ಮಾಡಿಕೊಂಡು, ಕಿಟಕಿಯಿಂದ ಕೈ ಬೀಸಿದರು. ನಾನೂ ಕೈಯೆತ್ತಿದೆ. ಬಸ್ಸು ಹೊರಡುವುದರೊಳಗೆ ಅವರು ಪಕ್ಕದ ಹೆಂಗಸಿನ ಕಡೆ ತಿರುಗಿ, ಅವಳ ಕೈಚೀಲದೊಳಗೆ ಬಗ್ಗಿ ನೋಡುತ್ತಾ ಏನೋ ಕೇಳುತ್ತಿದ್ದರು. ಆ ಹೆಂಗಸೂ ನಗುತ್ತಾ ಚೀಲದ ಬಾಯಿ ಅಗಲಿಸಿದಳು. ಇಬ್ಬರ ತಲೆಯೂ ಒಟ್ಟಿಗೆ ಬಗ್ಗಿತು.

ಚೀಲದಲ್ಲಿ ಏನಿತ್ತೋ, ನಾನು ನಿಂತಲ್ಲಿಂದ ಕಾಣಲಿಲ್ಲ.